ಚಾಲಕನೊಬ್ಬನೇ ಹೊಣೆಯೆ? ಶಾಲಾ ಬಸ್ಸು ಮತ್ತು ಭಾರಿ ಲಾರಿಗಳ ಅಪಘಾತಗಳಲ್ಲಿ ಕಾನೂನಿನ ಹೊಣೆಗಾರಿಕೆ



ಹೆದ್ದಾರಿಯಲ್ಲಿ ಲಾರಿಯೊಂದು ಶಾಲಾ ಬಸ್ಸಿಗೆ ಅಪ್ಪಳಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವಾಗ ಅದರ ಕೊನೆಯ ವಾಕ್ಯವು ಬಹುಮಟ್ಟಿಗೆ ನಮಗೆ ಮೊದಲೇ ತಿಳಿದಿರುತ್ತದೆ. ಚಾಲಕನು ಪರಾರಿಯಾಗಿದ್ದಾನೆ, ಇಲ್ಲವೆ ಚಾಲಕನನ್ನು ಬಂಧಿಸಲಾಗಿದೆ. ಸಾರ್ವಜನಿಕರ ಮಟ್ಟಿಗೆ ಅಲ್ಲಿಗೆ ವಿಷಯ ಮುಗಿಯಿತು. ಆ ಲಾರಿಯ ಯಜಮಾನ ಯಾರು, ಅದರ ಮೇಲೆ ಎಷ್ಟು ಟನ್ ಭಾರವನ್ನು ಹೇರಲಾಗಿತ್ತು, ಚಾಲಕನು ಎಷ್ಟು ಗಂಟೆಗಳಿಂದ ಚಕ್ರದ ಹಿಂದೆ ಕುಳಿತಿದ್ದ, ಬಸ್ಸಿನ ಅರ್ಹತಾ ಪತ್ರ ಊರ್ಜಿತವಾಗಿತ್ತೆ, ಆ ಪತ್ರಕ್ಕೆ ಸಹಿ ಹಾಕಿದವರು ವಾಹನವನ್ನು ಕಣ್ಣಿಟ್ಟು ನೋಡಿದ್ದರೆ, ಮಕ್ಕಳನ್ನು ಆ ಬಸ್ಸಿಗೆ ಹತ್ತಿಸಿದ ಶಾಲೆಯು ಇವುಗಳಲ್ಲಿ ಯಾವುದನ್ನಾದರೂ ವಿಚಾರಿಸಿತ್ತೆ? ಈ ಪ್ರಶ್ನೆಗಳು ಮರುದಿನದ ಪತ್ರಿಕೆಯಲ್ಲಿ ಕಾಣುವುದು ಅಪರೂಪ. ಆದರೆ ನಮ್ಮ ಕಾನೂನು ಇವೆಲ್ಲವನ್ನೂ ಕೇಳಲು ಅವಕಾಶ ಕೊಟ್ಟಿದೆ. ಕೇಳುವವರು ಯಾರು, ಯಾವಾಗ ಕೇಳಬೇಕು, ಯಾವ ಕಾಗದವನ್ನು ಹಿಡಿದು ಕೇಳಬೇಕು ಎಂಬುದೇ ನನ್ನ ಇಂದಿನ ಮಾತಿನ ವಿಷಯ.

2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಅಂಕಿ ಅಂಶಗಳು ತಿಳಿಸುತ್ತವೆ. ಈ ದೊಡ್ಡ ಸಂಖ್ಯೆಯ ಮುಂದೆ ಶಾಲಾ ವಾಹನಗಳ ಅಪಘಾತಗಳು ಲೆಕ್ಕದಲ್ಲಿ ಕಡಿಮೆಯೇ. ಆದರೂ ಅವುಗಳನ್ನು ಪ್ರತ್ಯೇಕವಾಗಿ ನೋಡಬೇಕಾದ ಕಾರಣವಿದೆ. ಬಸ್ಸಿನಲ್ಲಿ ಕುಳಿತ ಮಗುವು ವಾಹನವನ್ನೂ ಚಾಲಕನನ್ನೂ ಆರಿಸಿಕೊಂಡಿರುವುದಿಲ್ಲ. ವೇಗ ಹೆಚ್ಚಾಯಿತೆಂದು ಇಳಿದುಹೋಗಲು ಅದಕ್ಕೆ ಸಾಧ್ಯವಿಲ್ಲ. ಅಪಘಾತದಲ್ಲಿ ಅದರ ಪಾಲಿನ ತಪ್ಪು ಎಂಬುದೇ ಇರುವುದಿಲ್ಲವಾದ್ದರಿಂದ ಹೊಣೆಯೆಲ್ಲವೂ ದೊಡ್ಡವರ ನಡುವೆಯೇ ಹಂಚಿಕೆಯಾಗಬೇಕು.

ದೆಹಲಿಯಲ್ಲಿ ನೆಲೆಸಿರುವ ಹಿರಿಯರಿಗೆ 1997ರ ನವೆಂಬರ್ 18ರ ಬೆಳಗು ನೆನಪಿರಬಹುದು. ಮಕ್ಕಳಿಂದ ಕಿಕ್ಕಿರಿದಿದ್ದ ಶಾಲಾ ಬಸ್ಸೊಂದು ವಜೀರಾಬಾದ್ ಸೇತುವೆಯ ಕಟಕಟೆಯನ್ನು ಮುರಿದು ಯಮುನೆಗೆ ಬಿದ್ದು 28 ಮಕ್ಕಳು ಅಸುನೀಗಿದರು. ಅದಾದ ಎರಡನೆಯ ದಿನ, ನವೆಂಬರ್ 20ರಂದು, ಎಂ.ಸಿ. ಮೆಹ್ತಾ ಅವರ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜಧಾನಿಯ ಸಂಚಾರದ ಬಗೆಗೆ ವಿವರವಾದ ನಿರ್ದೇಶನಗಳನ್ನು ಹೊರಡಿಸಿತು. ಡಿಸೆಂಬರ್ 16ರಂದು ಶಾಲಾ ಬಸ್ಸುಗಳಿಗೆ ಸಂಬಂಧಿಸಿ ಇನ್ನಷ್ಟು ಷರತ್ತುಗಳನ್ನು ಸೇರಿಸಿತು. ಭಾರಿ ವಾಹನ ಓಡಿಸಿ ಕನಿಷ್ಠ 5 ವರ್ಷ ಅನುಭವವಿರುವವನೇ ಶಾಲಾ ಬಸ್ಸಿನ ಚಾಲಕನಾಗಬೇಕು. ಅತಿವೇಗಕ್ಕಾಗಲಿ ಕುಡಿದು ಓಡಿಸಿದ್ದಕ್ಕಾಗಲಿ ಒಮ್ಮೆ ದಂಡಕ್ಕೊಳಗಾದವನನ್ನು ಆ ಕೆಲಸಕ್ಕೆ ಇಟ್ಟುಕೊಳ್ಳಬಾರದು. ಭದ್ರವಾಗಿ ಮುಚ್ಚುವ ಬಾಗಿಲು, ಕಿಟಕಿಗೆ ಅಡ್ಡಕಂಬಿ, ವೇಗನಿಯಂತ್ರಕ, ಬೆಂಕಿ ನಂದಿಸುವ ಸಾಧನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ಮಕ್ಕಳೊಡನೆ ಒಬ್ಬ ಸಹಾಯಕ ಇರಬೇಕು. ಈ ನಿಯಮಗಳು ಪಾಲನೆಯಾಗುತ್ತಿವೆಯೆ ಎಂದು ನೋಡಲು ಯಾವ ತಂದೆ ತಾಯಿಯಾದರೂ ಬಸ್ಸಿನಲ್ಲಿ ಪ್ರಯಾಣಿಸಬಹುದು. ಈ ಕೊನೆಯ ಅಂಶವನ್ನು ಎಷ್ಟು ಮಂದಿ ಪೋಷಕರು ಬಳಸಿಕೊಂಡಿದ್ದಾರೆಂದು ಕೇಳಿದರೆ ಸಭೆಯಲ್ಲಿ ಕೈಗಳು ಮೇಲೇಳುವುದು ಕಷ್ಟ.

ದೆಹಲಿಗಾಗಿ ಹುಟ್ಟಿದ ಈ ಷರತ್ತುಗಳು ಬೇರೆ ರಾಜ್ಯಗಳಿಗೂ ಮಾದರಿಯಾದವು. ಮಹಾರಾಷ್ಟ್ರವು 2011ರಲ್ಲಿ, ತಮಿಳುನಾಡು 2012ರಲ್ಲಿ ಶಾಲಾ ಬಸ್ಸುಗಳಿಗೆಂದೇ ಪ್ರತ್ಯೇಕ ನಿಯಮಗಳನ್ನು ರೂಪಿಸಿದವು. ತಮಿಳುನಾಡಿನ ನಿಯಮಗಳ ಹಿಂದೆಯೂ ಒಂದು ಮಗುವಿನ ಸಾವಿದೆ. 2012ರ ಜುಲೈನಲ್ಲಿ ಚೆನ್ನೈನ ಹೊರವಲಯದಲ್ಲಿ ಓಡುತ್ತಿದ್ದ ಶಾಲಾ ಬಸ್ಸಿನ ತಳದಲ್ಲಿದ್ದ ತೂತಿನಿಂದ ಪುಟ್ಟ ಬಾಲಕಿಯೊಬ್ಬಳು ರಸ್ತೆಗೆ ಬಿದ್ದು ಅದೇ ಬಸ್ಸಿನ ಚಕ್ರಕ್ಕೆ ಸಿಕ್ಕಿದಳು. ಮದರಾಸು ಉಚ್ಚ ನ್ಯಾಯಾಲಯವು ಯಾರ ಅರ್ಜಿಗೂ ಕಾಯದೆ ತಾನಾಗಿಯೇ ವಿಚಾರಣೆಗೆ ತೊಡಗಿತು. ಚಾಲಕನ ಜೊತೆಗೆ ಶಾಲೆಯ ಆಡಳಿತದವರೂ, ವಾಹನವನ್ನು ತಪಾಸಣೆ ಮಾಡಿದ್ದ ಸಾರಿಗೆ ಇಲಾಖೆಯ ಅಧಿಕಾರಿಯೂ ಆರೋಪಿಗಳ ಸಾಲಿಗೆ ಸೇರಿದರು. ಹೊಣೆಯ ಸರಪಳಿ ಚಾಲಕನ ಆಸನದಿಂದ ಆಚೆಗೂ ಹೋಗುತ್ತದೆಂಬುದು ಆ ಪ್ರಕರಣದಲ್ಲಿ ಜನಸಾಮಾನ್ಯರಿಗೂ ಕಂಡಿತು. ನ್ಯಾಯಾಲಯದ ಇಂತಹ ಷರತ್ತುಗಳನ್ನು ನಾವು ಸುರಕ್ಷತೆಯ ಉಪದೇಶಗಳೆಂದು ಓದಿ ಮರೆಯುತ್ತೇವೆ. ಅಪಘಾತದ ನಂತರ ಅವುಗಳಿಗೆ ಬೇರೆಯೇ ಬೆಲೆ ಬರುತ್ತದೆ. ವೇಗನಿಯಂತ್ರಕವಿಲ್ಲದ ಬಸ್ಸನ್ನು ರಸ್ತೆಗಿಳಿಸಿದ್ದು ಚಾಲಕನ ನಿರ್ಧಾರವಲ್ಲವಷ್ಟೆ.

ಮೊದಲು ದಂಡನೆಯ ಕಾನೂನನ್ನು ನೋಡೋಣ. ನಿರ್ಲಕ್ಷ್ಯದಿಂದ ಸಾವನ್ನುಂಟುಮಾಡಿದರೆ ಭಾರತೀಯ ದಂಡ ಸಂಹಿತೆಯ 304-ಎ ಕಲಮಿನಂತೆ ಹೆಚ್ಚೆಂದರೆ 2 ವರ್ಷಗಳ ಸಜೆಯಾಗುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಂ ಇದನ್ನು 5 ವರ್ಷಗಳಿಗೆ ಏರಿಸಿದೆ. ಅಪಘಾತವೆಸಗಿ, ಪೊಲೀಸರಿಗಾಗಲಿ ದಂಡಾಧಿಕಾರಿಗಾಗಲಿ ತಿಳಿಸದೆ ಓಡಿಹೋದವರಿಗೆ 10 ವರ್ಷಗಳವರೆಗೆ ಸಜೆ ವಿಧಿಸುವ ಉಪಕಲಂ ಕೂಡ ಅದರಲ್ಲಿತ್ತು. 2024ರ ಜನವರಿಯಲ್ಲಿ ದೇಶದಾದ್ಯಂತ ಲಾರಿ ಚಾಲಕರು ಮುಷ್ಕರ ಹೂಡಿದ ಮೇಲೆ, ಸಂಹಿತೆಯನ್ನು ಜಾರಿಗೊಳಿಸಿದ ಅಧಿಸೂಚನೆಯಿಂದ ಆ ಉಪಕಲಮನ್ನು ಹೊರಗಿಡಲಾಯಿತು. ಚಾಲಕರ ಅಳಲಿನಲ್ಲಿ ಹುರುಳಿಲ್ಲವೆನ್ನಲಾಗದು. ಅಪಘಾತದ ಸ್ಥಳದಲ್ಲಿ ನಿಂತರೆ ಜನರ ಹೊಡೆತಕ್ಕೆ ಸಿಕ್ಕಿ ಸಾಯುವ ಭಯ ಅವರಿಗಿದೆ. ಲಾರಿಯ ಯಜಮಾನನು ಆ ಹೊತ್ತಿನಲ್ಲಿ ನೂರಾರು ಮೈಲಿ ದೂರದಲ್ಲಿರುತ್ತಾನೆ.

ನಿರ್ಲಕ್ಷ್ಯದ ಮಟ್ಟವನ್ನು ದಾಟಿ, ಸಾವು ಸಂಭವಿಸಬಹುದೆಂಬ ಅರಿವಿದ್ದೂ ವಾಹನ ಓಡಿಸಿದ್ದರೆ ಆಗ ಕೊಲೆಯಲ್ಲದ ದಂಡನೀಯ ನರಹತ್ಯೆಯ ಕಲಂ ಅನ್ವಯವಾಗುತ್ತದೆ. ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ 2006ರ ನವೆಂಬರ್‌ನಲ್ಲಿ ಕಾಲುದಾರಿಯ ಮೇಲೆ ಮಲಗಿದ್ದ 7 ಮಂದಿ ಕಾರಿನಡಿ ಸಿಕ್ಕಿ ಸತ್ತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಈ ಕಲಮಿನ ಅನ್ವಯವನ್ನು ಎತ್ತಿಹಿಡಿಯಿತು. ಅದು ಕಾರಿನ ಪ್ರಕರಣವಾದರೂ ಕುಡಿದು ಲಾರಿ ಅಥವಾ ಶಾಲಾ ಬಸ್ಸು ಓಡಿಸುವವನಿಗೆ ಅದೇ ಅಳತೆಗೋಲು.

ಹರಿಯಾಣದ ಮಹೇಂದ್ರಗಢ ಜಿಲ್ಲೆಯ ಕನೀನಾ ಬಳಿ 2024ರ ಏಪ್ರಿಲ್ 11ರಂದು ಶಾಲಾ ಬಸ್ಸು ಮಗುಚಿ 6 ಮಕ್ಕಳು ಸತ್ತರು. ಅಂದು ಈದ್ ಹಬ್ಬದ ರಜೆ, ಶಾಲೆ ತೆರೆದಿತ್ತು. ಚಾಲಕನು ಕುಡಿದಿದ್ದನೆಂಬುದೂ, ಬಸ್ಸಿನ ಅರ್ಹತಾ ಪತ್ರದ ಅವಧಿ 2018ರಲ್ಲಿಯೇ ಮುಗಿದಿತ್ತೆಂಬುದೂ ವರದಿಯಾದವು. ಪೊಲೀಸರು ಚಾಲಕನ ಜೊತೆಗೆ ಶಾಲೆಯ ಪ್ರಾಂಶುಪಾಲರನ್ನೂ ಆಡಳಿತದ ಮುಖ್ಯರನ್ನೂ ಬಂಧಿಸಿದರು. ಆರು ವರ್ಷಗಳ ಹಿಂದೆಯೇ ಅವಧಿ ಮುಗಿದ ಪತ್ರವನ್ನು ಹೊತ್ತ ಬಸ್ಸು ಪ್ರತಿದಿನ ಮಕ್ಕಳನ್ನು ತುಂಬಿಕೊಂಡು ಓಡಾಡುತ್ತಿತ್ತೆಂದರೆ, ಆ ದಾರಿಯಲ್ಲಿ ಅದನ್ನು ತಡೆದು ನಿಲ್ಲಿಸಬೇಕಾಗಿದ್ದ ಅಧಿಕಾರಿಗಳೂ ಇದ್ದರಲ್ಲವೆ? ಅಪಘಾತದ ಮರುದಿನ ನಡೆಯುವ ಸಾಮೂಹಿಕ ತಪಾಸಣೆಯನ್ನು ಹಿಂದಿನ ದಿನ ನಡೆಸಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಯಾವ ದೋಷಾರೋಪಣಾ ಪಟ್ಟಿಯಲ್ಲಿಯೂ ಸ್ಥಳವಿಲ್ಲ. ಇದು ನಮ್ಮ ವ್ಯವಸ್ಥೆಯ ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ.

ರಸ್ತೆಯ ವಿಷಯವೂ ಹೀಗೆಯೇ. ಅಪಾಯಕರವಾದ ತಿರುವು, ಮುರಿದ ವಿಭಜಕ, ದೀಪವಿಲ್ಲದ ಕೂಡುರಸ್ತೆ ಇವುಗಳಿಗೆ ಹೊಣೆಯಾದ ಪ್ರಾಧಿಕಾರವನ್ನೋ ಗುತ್ತಿಗೆದಾರನನ್ನೋ ಶಿಕ್ಷಿಸಲು 2019ರ ತಿದ್ದುಪಡಿಯು 198-ಎ ಎಂಬ ಹೊಸ ಕಲಮನ್ನು ತಂದಿತು. ದಂಡದ ಮಿತಿ 1 ಲಕ್ಷ ರೂಪಾಯಿ. ಕೋಟಿಗಟ್ಟಲೆಯ ಗುತ್ತಿಗೆಯ ಮುಂದೆ ಈ ಮೊತ್ತ ಯಾವ ಲೆಕ್ಕಕ್ಕೂ ಬಾರದು. ಇಂದೋರಿನ ಬೈಪಾಸ್ ರಸ್ತೆಯಲ್ಲಿ 2018ರ ಜನವರಿ 5ರಂದು ಶಾಲಾ ಬಸ್ಸೊಂದು ವಿಭಜಕವನ್ನು ದಾಟಿ ಎದುರಿನಿಂದ ಬಂದ ಲಾರಿಗೆ ಡಿಕ್ಕಿ ಹೊಡೆದು 4 ಮಕ್ಕಳೂ ಚಾಲಕನೂ ಮೃತರಾದಾಗ ಬಸ್ಸಿನ ವೇಗನಿಯಂತ್ರಕದ ಸ್ಥಿತಿಯು ತನಿಖೆಯ ವಿಷಯವಾಯಿತು. ಅದರ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಅರ್ಜಿಗಳ ಮೇಲೆ ಮಧ್ಯಪ್ರದೇಶ ಉಚ್ಚ ನ್ಯಾಯಾಲಯದ ಇಂದೋರ್ ಪೀಠವು 2024ರ ಡಿಸೆಂಬರ್‌ನಲ್ಲಿ ತೀರ್ಪಿತ್ತು, 12 ವರ್ಷಕ್ಕಿಂತ ಹಳೆಯ ಬಸ್ಸುಗಳನ್ನು ಶಾಲಾ ವಾಹನವಾಗಿ ಬಳಸಬಾರದೆಂಬುದೂ ಸೇರಿದಂತೆ ಹಲವು ಸೂಚನೆಗಳನ್ನು ಕೊಟ್ಟಿತು. ನಡುವೆ ಕಳೆದದ್ದು ಹತ್ತಿರ ಹತ್ತಿರ ಏಳು ವರ್ಷ.

ಇನ್ನು ಪರಿಹಾರದ ಕಾನೂನು. ದಂಡನೆಯ ನ್ಯಾಯಾಲಯಕ್ಕೂ ಪರಿಹಾರದ ನ್ಯಾಯಾಧಿಕರಣಕ್ಕೂ ಇರುವ ವ್ಯತ್ಯಾಸವನ್ನು ತಿಳಿಯದೆ ಎಷ್ಟೋ ಕುಟುಂಬಗಳು ನಷ್ಟ ಅನುಭವಿಸಿವೆ. ದಂಡನೆಯ ಮೊಕದ್ದಮೆಯಲ್ಲಿ ಅಪರಾಧವು ಸಂಶಯಾತೀತವಾಗಿ ರುಜುವಾಗಬೇಕು. ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದಲ್ಲಿ ಹಾಗಲ್ಲ. ಯಾವುದು ಹೆಚ್ಚು ಸಂಭವನೀಯ ಎಂಬುದನ್ನು ತೋರಿಸಿದರೆ ಸಾಕು. ಚಾಲಕನು ದಂಡನೆಯ ನ್ಯಾಯಾಲಯದಲ್ಲಿ ಖುಲಾಸೆಯಾದನೆಂದು ಪರಿಹಾರ ತಪ್ಪಿಹೋಗುವುದಿಲ್ಲ. ತಮಿಳುನಾಡಿನಲ್ಲಿ ಬಸ್ಸೊಂದು ಜೋತುಬಿದ್ದಿದ್ದ ವಿದ್ಯುತ್ ತಂತಿಗೆ ತಗುಲಿದ ಪ್ರಕರಣದಲ್ಲಿ ಇದೇ ವಾದವನ್ನು ಮುಂದಿಟ್ಟ ಬಸ್ಸಿನ ಮಾಲೀಕರಿಗೆ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಒಪ್ಪಿಗೆ ಕೊಡಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ಆ ತೀರ್ಪು, ಸೂಕ್ಷ್ಮ ತಾಂತ್ರಿಕ ನೆಪಗಳಿಂದ ಮಾಲೀಕರೂ ಚಾಲಕರೂ ನುಣುಚಿಕೊಳ್ಳದಂತೆ ನ್ಯಾಯಾಧಿಕರಣಗಳು ಎಚ್ಚರ ವಹಿಸಬೇಕೆಂದು ಹೇಳಿತು. ನಾಲ್ಕು ದಶಕಗಳಾದ ಮೇಲೂ ವಕೀಲರು ಅದನ್ನು ಉದ್ಧರಿಸುತ್ತಾರೆ.

ಲಾರಿ ಮತ್ತು ಶಾಲಾ ಬಸ್ಸು ಎದುರುಬದುರಾಗಿ ಡಿಕ್ಕಿಯಾದಾಗ ಎರಡೂ ಕಡೆಯ ವಿಮಾ ಕಂಪನಿಗಳು ತಪ್ಪೆಲ್ಲ ಎದುರಿನ ವಾಹನದ್ದೆಂದು ವಾದಿಸುತ್ತವೆ. ಮಗುವಿನ ತಂದೆ ತಾಯಿ ಈ ಜಗಳ ತೀರುವವರೆಗೆ ಕಾಯಬೇಕೆ? ಬೇಡ. ಎರಡು ವಾಹನಗಳ ಕೂಡುತಪ್ಪಿನಿಂದ ಮೂರನೆಯವರಿಗೆ ಹಾನಿಯಾಗಿದ್ದರೆ, ಅವರು ಎರಡರಲ್ಲಿ ಯಾವುದಾದರೂ ಒಂದು ಪಕ್ಷದಿಂದ ಪೂರ್ತಿ ಪರಿಹಾರವನ್ನು ವಸೂಲು ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಸ್ಪಷ್ಟಪಡಿಸಿತು. ಕೊಟ್ಟ ಪಕ್ಷವು ತನ್ನ ಪಾಲನ್ನು ಮೀರಿದ ಭಾಗವನ್ನು ಮತ್ತೊಂದರಿಂದ ಆಮೇಲೆ ಪಡೆದುಕೊಳ್ಳಲಿ. ಅದು ಅವರವರ ಲೆಕ್ಕ. ಕರ್ನಾಟಕದಿಂದಲೇ ಹೋದ ಮೇಲ್ಮನವಿಯೊಂದರಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಬಂದ ತೀರ್ಪನ್ನೂ ಇಲ್ಲಿ ಹೇಳಬೇಕು. ಹೆದ್ದಾರಿಯ ನಡುವೆ ಎಚ್ಚರಿಕೆಯ ದೀಪವಾಗಲಿ ಗುರುತಾಗಲಿ ಇಲ್ಲದೆ ಬಿಟ್ಟುಹೋದ ಭಾರಿ ಟ್ರೈಲರ್ ಲಾರಿಗೆ ರಾತ್ರಿ ಕಾರೊಂದು ಬಡಿದಿತ್ತು. ಕಾರಿನ ಚಾಲಕನದೂ ಅರ್ಧ ತಪ್ಪೆಂದು ಕೆಳಗಿನ ಹಂತಗಳಲ್ಲಿ ಪರಿಹಾರವನ್ನು ಕಡಿತ ಮಾಡಲಾಗಿತ್ತು. ಸರ್ವೋಚ್ಚ ನ್ಯಾಯಾಲಯವು ಹೊಣೆಯನ್ನು ಲಾರಿಯ ಕಡೆಗೇ ಹೊರಿಸಿತು. ಚಾಲಕನ ತಪ್ಪನ್ನು ಅದೇ ವಾಹನದ ಪ್ರಯಾಣಿಕರ ತಲೆಗೆ ಕಟ್ಟಲಾಗದೆಂದೂ ಹೇಳಿತು. ಪುಣೆ ಬೆಂಗಳೂರು ಹೆದ್ದಾರಿಯಲ್ಲಿ ರಾತ್ರಿ ಪ್ರಯಾಣ ಮಾಡುವ ನಿಮಗೆ, ಹಿಂದೀಪವಿಲ್ಲದೆ ರಸ್ತೆಯಂಚಿನಲ್ಲಿ ನಿಂತ ಲಾರಿಗಳ ಸಾಲನ್ನು ವಿವರಿಸಬೇಕಾಗಿಲ್ಲ.

ಶಾಲೆಯ ಹೆಸರು ಬರೆದ ಬಸ್ಸುಗಳೆಲ್ಲವೂ ಶಾಲೆಯ ಸ್ವತ್ತಾಗಿರುವುದಿಲ್ಲ. ನಗರಗಳಲ್ಲಿ ಬಹುಪಾಲು ಗುತ್ತಿಗೆಯ ಬಸ್ಸುಗಳು, ಇಲ್ಲವೆ ಪೋಷಕರೇ ಗೊತ್ತುಮಾಡಿದ ವ್ಯಾನುಗಳು. ಉಡುಪಿ ಜಿಲ್ಲೆಯ ತ್ರಾಸಿಯ ಬಳಿ 2016ರ ಜೂನ್ 21ರಂದು ಸಾಮರ್ಥ್ಯ ಮೀರಿ ಮಕ್ಕಳು ತುಂಬಿದ್ದ ಓಮ್ನಿ ವ್ಯಾನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ 8 ಮಕ್ಕಳು ಸತ್ತದ್ದು ಇಂತಹ ವ್ಯವಸ್ಥೆಯಲ್ಲಿಯೇ. ಗುತ್ತಿಗೆಯ ಬಸ್ಸಾದರೆ ಶಾಲೆಯು ತನಗೆ ಸಂಬಂಧವಿಲ್ಲವೆಂದು ಕೈತೊಳೆದುಕೊಳ್ಳಬಹುದೆ? ಬಾಡಿಗೆಗೆ ಪಡೆದ ಬಸ್ಸಿನ ಚಾಲಕನು ಮೂಲ ಮಾಲೀಕನ ನೌಕರನಾಗಿದ್ದರೂ, ಓಡಾಟದ ನಿಯಂತ್ರಣವು ತನ್ನ ಕೈಯಲ್ಲಿದ್ದುದರಿಂದ ರಾಜಸ್ಥಾನ ರಾಜ್ಯ ರಸ್ತೆ ಸಾರಿಗೆ ನಿಗಮವೂ ಹೊಣೆಯಾಗುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ತೀರ್ಪಿತ್ತಿದೆ. ಮಾರ್ಗ, ವೇಳೆ, ಶುಲ್ಕ ಎಲ್ಲವನ್ನೂ ತಾನೇ ನಿಗದಿಮಾಡುವ ಶಾಲೆಯ ವಿರುದ್ಧ ಇದೇ ತತ್ತ್ವವನ್ನು ಮುಂದಿಡಲು ಆಧಾರವಿದೆ. ಪೋಷಕರೇ ಗೊತ್ತುಮಾಡಿದ ವ್ಯಾನಿನ ವಿಷಯದಲ್ಲಿ ಈ ದಾರಿ ಕಷ್ಟ. ಆದ್ದರಿಂದ ವ್ಯಾನಿನವನ ವಿಮಾ ಪತ್ರವನ್ನೂ ಪರ್ಮಿಟನ್ನೂ ಒಮ್ಮೆ ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ಚಾಲಕನ ಬಳಿ ಸರಿಯಾದ ಲೈಸೆನ್ಸ್ ಇಲ್ಲವೆಂದು ವಿಮಾ ಕಂಪನಿಯು ಹಣ ಕೊಡಲು ನಿರಾಕರಿಸುವುದು ಹಳೆಯ ರೂಢಿ. 2004ರ ತೀರ್ಪೊಂದರ ನಂತರ ಕಂಪನಿಯು ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು, ಮಾಲೀಕನ ತಪ್ಪಿದ್ದರೆ ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕೆಂಬ ಪದ್ಧತಿ ಬೆಳೆಯಿತು. ಪರ್ಮಿಟ್ ಇಲ್ಲದ ಲಾರಿಯ ಪ್ರಕರಣದಲ್ಲಿ 2018ರಲ್ಲಿ ಇದನ್ನೇ ಅನುಸರಿಸಲಾಯಿತು. 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನ ಮೇಲೆ ಓಡಿಸಬಹುದೆಂದು 2024ರ ನವೆಂಬರ್ 6ರಂದು ಸಂವಿಧಾನ ಪೀಠವು ಹೇಳಿದ ಮೇಲೆ ಸಣ್ಣ ಶಾಲಾ ವ್ಯಾನುಗಳ ಮಟ್ಟಿಗೆ ಈ ನೆಪ ಇನ್ನಷ್ಟು ದುರ್ಬಲವಾಗಿದೆ.

ಲಾರಿಯ ಕಡೆಗೆ ಬರೋಣ. ಇಲ್ಲಿ ಹೊಣೆಯನ್ನು ಹುಡುಕುವುದು ಕಾಗದಪತ್ರಗಳಲ್ಲಿ. ಮಿತಿ ಮೀರಿದ ಭಾರ ಹೇರಿದ ಲಾರಿಯ ಬ್ರೇಕು ಹಿಡಿದರೂ ವಾಹನ ನಿಲ್ಲಲು ಹೆಚ್ಚು ದೂರ ಬೇಕು, ಟೈರು ಕಾಯುತ್ತದೆ, ಇಳಿಜಾರಿನಲ್ಲಿ ಹತೋಟಿ ತಪ್ಪುತ್ತದೆ. 1988ರ ಮೋಟಾರು ವಾಹನಗಳ ಅಧಿನಿಯಮದ 113ನೆಯ ಕಲಮಿನಲ್ಲಿ ಬಹಳ ಮಂದಿ ಗಮನಿಸದ ಒಂದು ಮಾತಿದೆ: ಅಧಿಕ ಭಾರದ ವಾಹನವನ್ನು ಓಡಿಸಿದವನು ಮಾಲೀಕನಲ್ಲದಿದ್ದರೆ, ಮಾಲೀಕನಿಗೆ ಅದು ಗೊತ್ತಿತ್ತು ಅಥವಾ ಅವನ ಅಪ್ಪಣೆಯಂತೆಯೇ ನಡೆಯಿತು ಎಂದು ನ್ಯಾಯಾಲಯವು ಭಾವಿಸಿಕೊಳ್ಳಬಹುದು. ಅಧಿಕ ಭಾರಕ್ಕೆ ಈಗ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ. ದುಡಿಮೆಯ ಅವಧಿಗೂ ಮಿತಿಯಿದೆ. ಚಾಲಕನಿಗೆ ದಿನಕ್ಕೆ 8 ಗಂಟೆಗಳ ಕೆಲಸವೆಂದು ಕಾನೂನು 1961ರಿಂದಲೇ ಹೇಳುತ್ತ ಬಂದಿದೆ. ದೂರದ ಸಾಗಣೆಯಲ್ಲಿ ಈ ಮಿತಿ ಹೇಗೆ ಪಾಲನೆಯಾಗುತ್ತಿದೆ ಎಂಬುದನ್ನು ಯಾವ ಡಾಬಾದಲ್ಲಿ ಕೇಳಿದರೂ ಉತ್ತರ ಸಿಗುತ್ತದೆ.

ಹಿಂದೆ ಇದನ್ನು ರುಜುವಾತುಪಡಿಸುವುದು ಕಷ್ಟವಾಗಿತ್ತು. ಈಗ ಹಾಗಿಲ್ಲ. ಸರಕು ಎಲ್ಲಿ, ಯಾವಾಗ ಹೊರಟಿತೆಂದು ಇ-ವೇ ಬಿಲ್ಲೂ ಸಾಗಣೆದಾರರ ಎಲ್.ಆರ್. ರಸೀದಿಯೂ ಹೇಳುತ್ತವೆ. ಯಾವ ಟೋಲ್ ನಾಕೆಯನ್ನು ಎಷ್ಟು ಗಂಟೆಗೆ ದಾಟಿತೆಂಬುದು ಫಾಸ್ಟ್ಯಾಗ್ ದಾಖಲೆಯಲ್ಲಿದೆ. ಎರಡು ನಾಕೆಗಳ ನಡುವಿನ ದೂರವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ವೇಗ ಸಿಗುತ್ತದೆ. ಹೊರಟ ಸಮಯದಿಂದ ಅಪಘಾತದ ಸಮಯದವರೆಗೆ ಎಣಿಸಿದರೆ ಚಾಲಕನಿಗೆ ವಿಶ್ರಾಂತಿ ಸಿಕ್ಕಿತ್ತೆ ಇಲ್ಲವೆ ಎಂಬುದು ಊಹೆಗೆ ನಿಲುಕುತ್ತದೆ. ತೂಕದ ಚೀಟಿಯಲ್ಲಿ ಭಾರವಿದೆ. ಬಸ್ಸಿನಲ್ಲಿ ಸ್ಥಾನಸೂಚಕ ಸಾಧನವಿದ್ದರೆ ಕ್ಷಣಕ್ಷಣದ ವೇಗವೂ ಉಳಿದಿರಬಹುದು. ಆದರೆ ಟೋಲ್ ನಾಕೆಯ ಕ್ಯಾಮೆರಾದ ಚಿತ್ರಗಳು ಬಹುಕಾಲ ಉಳಿಯುವುದಿಲ್ಲ, ಜಖಂಗೊಂಡ ವಾಹನವು ತಪಾಸಣೆಯ ನಂತರ ಬೇಗನೆ ಮಾಲೀಕನ ವಶಕ್ಕೆ ಮರಳುತ್ತದೆ, ಗುಜರಿಗೂ ಹೋಗಬಹುದು. ಆದ್ದರಿಂದ ಕುಟುಂಬದ ಪರವಾಗಿ ಯಾರಾದರೊಬ್ಬರು, ಸೋದರಮಾವನೋ ನೆರೆಯವರೋ, ಮೊದಲ ವಾರದಲ್ಲಿಯೇ ತನಿಖಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು, ಈ ದಾಖಲೆಗಳನ್ನು ವಶಪಡಿಸಿಕೊಳ್ಳುವಂತೆಯೂ, ವೇಗನಿಯಂತ್ರಕ, ಬ್ರೇಕು, ಟೈರುಗಳ ಸ್ಥಿತಿಯನ್ನು ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಬರೆಯಿಸುವಂತೆಯೂ ಕೇಳಿ, ಅರ್ಜಿಯ ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಒಳ್ಳೆಯದು. ದುಃಖದ ಮನೆಯಲ್ಲಿ ಇದು ಕಠಿನವಾದ ಕೆಲಸ. ಕನ್ನಡ ಸಂಘಗಳು ನೆರವಾಗಬಹುದಾದ ಜಾಗ ಇದೇ ಎಂದು ನಾನು ತಿಳಿದಿದ್ದೇನೆ.

ಮಗುವಿನ ಜೀವಕ್ಕೆ ಕಾನೂನು ಬೆಲೆ ಕಟ್ಟುವ ಬಗೆ ಬಹುಕಾಲ ನಾಚಿಕೆಗೇಡಿನದಾಗಿತ್ತು. ವರಮಾನವಿಲ್ಲದವರಿಗೆ ವರ್ಷಕ್ಕೆ 15,000 ರೂಪಾಯಿ ಎಂದು ಭಾವಿಸಿಕೊಳ್ಳಬೇಕೆಂದು 1994ರಲ್ಲಿ ಅನುಸೂಚಿಯೊಂದನ್ನು ಸೇರಿಸಲಾಯಿತು. ಬೆಲೆಗಳು ಏರಿದರೂ ಆ ಅಂಕಿ ಕದಲಲಿಲ್ಲ. ಹರಿಯಾಣದ 12 ವರ್ಷದ ಬಾಲಕಿಯೊಬ್ಬಳು 2007ರ ಅಕ್ಟೋಬರ್‌ನಲ್ಲಿ ತಂದೆ ತಾಯಿಯೊಡನೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದಾಗ ಲಾರಿ ಬಡಿಯಿತು. ಮಿದುಳಿಗೆ ಬಿದ್ದ ಪೆಟ್ಟಿನಿಂದ ಅವಳ ಬುದ್ಧಿಯ ಬೆಳವಣಿಗೆ ಒಂಬತ್ತು ತಿಂಗಳ ಕೂಸಿನಷ್ಟಕ್ಕೆ ಇಳಿಯಿತು. ಜೀವಮಾನವಿಡೀ ಹಾಸಿಗೆಯೇ ಗತಿಯಾಯಿತು. ನ್ಯಾಯಾಧಿಕರಣವು ವರ್ಷಕ್ಕೆ 15,000ದ ಲೆಕ್ಕ ಹಿಡಿದು ಸುಮಾರು 11 ಲಕ್ಷ ಕೊಟ್ಟಿತು. ಉಚ್ಚ ನ್ಯಾಯಾಲಯವು ಅದನ್ನು 25 ಲಕ್ಷ ದಾಟಿಸಿತು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಲೆಕ್ಕವನ್ನೇ ತಳ್ಳಿಹಾಕಿ, ಬೆಳೆದಿದ್ದರೆ ಈ ಹುಡುಗಿ ಕುಶಲ ಕೆಲಸಗಾರಳ ಕನಿಷ್ಠ ವೇತನವನ್ನಾದರೂ ಗಳಿಸುತ್ತಿದ್ದಳೆಂದು ಹಿಡಿದು, ಭವಿಷ್ಯದ ಏರಿಕೆಗೆಂದು ಅದರ ಮೇಲೆ ನೂರಕ್ಕೆ 40ರಷ್ಟು ಸೇರಿಸಿತು. ಅವಳನ್ನು ಹಗಲೂ ರಾತ್ರಿಯೂ ನೋಡಿಕೊಳ್ಳಲು ಇಬ್ಬರು ಆಳುಗಳು ಬೇಕಲ್ಲವೆ? ತಿಂಗಳಿಗೆ ತಲಾ 5,000 ರೂಪಾಯಿ ಹಿಡಿದು, 18ರ ಗುಣಕದಿಂದ ಗುಣಿಸಿ, ಆ ಬಾಬತ್ತಿಗೇ 21,60,000 ರೂಪಾಯಿ ಕೊಟ್ಟಿತು. ಒಟ್ಟು ಪರಿಹಾರ 62,27,000 ರೂಪಾಯಿ, ಮೇಲೆ ಬಡ್ಡಿ. ಆಳುಗಳ ಜಾಗದಲ್ಲಿ ಅಷ್ಟು ವರ್ಷವೂ ದುಡಿದವಳು ಬಹುಶಃ ತಾಯಿಯೇ. ಅವಳ ದುಡಿಮೆಗೂ ಬೆಲೆಯುಂಟೆಂದು ಈ ಲೆಕ್ಕ ಒಪ್ಪಿಕೊಂಡಿತು. ಮಕ್ಕಳ ಪ್ರಕರಣಗಳಲ್ಲಿ ಕುಶಲ ಕೆಲಸಗಾರರ ಕನಿಷ್ಠ ವೇತನವನ್ನೇ ಅಳತೆಯಾಗಿ ಹಿಡಿಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿಯೂ ಪುನರುಚ್ಚರಿಸಿದೆ. ನಿಮ್ಮ ವಕೀಲರು ಹಳೆಯ 15,000ದ ಲೆಕ್ಕವನ್ನು ಬರೆದು ತಂದರೆ ಸಹಿ ಹಾಕುವ ಮೊದಲು ಪ್ರಶ್ನಿಸಿರಿ.

ವಿಧಾನದ ಬಗೆಗೆ ಕೆಲವು ಮಾತು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು ಪ್ರಥಮ ಅಪಘಾತ ವರದಿಯನ್ನು 48 ಗಂಟೆಗಳಲ್ಲಿಯೂ, ವಿಸ್ತೃತ ವರದಿಯನ್ನು 90 ದಿನಗಳಲ್ಲಿಯೂ ನ್ಯಾಯಾಧಿಕರಣಕ್ಕೆ ಸಲ್ಲಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಬಹುದಾಗಿದೆ. ಹೀಗಿದ್ದರೂ ಸ್ವಂತ ಅರ್ಜಿಯನ್ನು 6 ತಿಂಗಳೊಳಗೆ ಸಲ್ಲಿಸುವುದು ಕ್ಷೇಮ. ಈ 6 ತಿಂಗಳ ಮಿತಿಯು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಗಿ, ಅವಧಿ ಮೀರಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡದಿರುವಂತೆ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವಾಗಿದೆ. ಅದನ್ನೇ ನಂಬಿ ತಡಮಾಡುವುದು ಸರಿಯಲ್ಲ.

ಯಾರ ತಪ್ಪೆಂಬುದನ್ನು ರುಜುವಾತುಪಡಿಸದೆಯೇ 164ನೆಯ ಕಲಮಿನ ಮೇರೆಗೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯಬಹುದು. ಬೇಗ ಸಿಗುವ ಹಣವಾದ್ದರಿಂದ ಇದು ಆಕರ್ಷಕ. ಆದರೆ ಇದನ್ನು ಸ್ವೀಕರಿಸಿದರೆ 166ನೆಯ ಕಲಮಿನ ಮೇರೆಗೆ ಹೂಡಿದ ಪೂರ್ಣ ಪರಿಹಾರದ ಅರ್ಜಿಯು ಬಿದ್ದುಹೋಗುತ್ತದೆ. ವಿಮಾ ಕಂಪನಿಯ ಅಧಿಕಾರಿಯು ಮನೆಗೆ ಬಂದು ಕಾಗದ ಮುಂದಿಟ್ಟಾಗ ಈ ಮಾತು ನೆನಪಿರಲಿ. 62 ಲಕ್ಷಕ್ಕೂ ಎರಡೂವರೆ ಲಕ್ಷಕ್ಕೂ ಇರುವ ಅಂತರವನ್ನು ಈಗಷ್ಟೆ ನೋಡಿದೆವು.

ಚಿಕಿತ್ಸೆಯ ಮೊದಲ ಖರ್ಚಿಗೆ, 2025ರ ಮೇ ತಿಂಗಳಲ್ಲಿ ಅಧಿಸೂಚಿತವಾದ ಯೋಜನೆಯಂತೆ, ಗಾಯಾಳುವಿಗೆ 7 ದಿನಗಳವರೆಗೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಲೇಬೇಕೆಂಬ ಬಲವಂತವಿಲ್ಲ.

ಹೊರನಾಡಿನಲ್ಲಿರುವ ನಮಗೆ ವಿಶೇಷವಾಗಿ ಬೇಕಾದ ಅಂಶ ಮತ್ತೊಂದು. ಅಪಘಾತವು ಕೊಲ್ಹಾಪುರದ ಬಳಿಯೋ ಕರ್ನೂಲಿನ ಬಳಿಯೋ ನಡೆದಿರಬಹುದು. ಲಾರಿ ಮತ್ತಾವುದೋ ರಾಜ್ಯದ್ದಾಗಿರಬಹುದು. ಅಷ್ಟರಿಂದ ಆ ಊರಿನ ನ್ಯಾಯಾಲಯಕ್ಕೇ ಅಲೆಯಬೇಕಾಗಿಲ್ಲ. ಅರ್ಜಿದಾರನು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳದ ನ್ಯಾಯಾಧಿಕರಣದಲ್ಲಿಯೂ ಅರ್ಜಿ ಹಾಕಬಹುದು. ಡೊಂಬಿವಲಿಯಲ್ಲಿರುವ ಕುಟುಂಬವು ಠಾಣೆಯಲ್ಲಿಯೇ, ಹೈದರಾಬಾದಿನಲ್ಲಿರುವ ಕುಟುಂಬವು ಅಲ್ಲಿಯೇ ಮೊಕದ್ದಮೆ ನಡೆಸಬಹುದು. ಪೊಲೀಸ್ ದಾಖಲೆಗಳು ಬೇರೆ ಭಾಷೆಯಲ್ಲಿದ್ದರೆ ಅನುವಾದವನ್ನು ಆರಂಭದಲ್ಲಿಯೇ ಮಾಡಿಸಿಟ್ಟುಕೊಳ್ಳಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರಿಗೂ ಮಕ್ಕಳಿಗೂ ವರಮಾನವೆಷ್ಟೇ ಇರಲಿ ಉಚಿತ ವಕೀಲರ ನೆರವು ದೊರೆಯುತ್ತದೆ. ಸಹಾಯವಾಣಿಯ ಸಂಖ್ಯೆ 15100. ಪರಿಹಾರದಲ್ಲಿ ಪಾಲು ಕೇಳುವ ಮಧ್ಯವರ್ತಿಗಳು ಆಸ್ಪತ್ರೆಯ ಬಾಗಿಲಲ್ಲಿಯೇ ಕಾದಿರುತ್ತಾರೆ. ಅವರಿಗೆ ಖಾಲಿ ಕಾಗದದ ಮೇಲೆ ಸಹಿ ಮಾಡಿಕೊಡಬೇಡಿರಿ.

ತೀರ್ಪಿನಿಂದ ಅತೃಪ್ತರಾದವರು 90 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಅದಕ್ಕೆ ಅವಕಾಶವಿಲ್ಲ. ಗಾಯಗೊಂಡ ಮಗುವಿನ ಹೆಸರಿಗೆ ಬಂದ ಹಣವನ್ನು ಅದು ಪ್ರಾಪ್ತವಯಸ್ಸಿಗೆ ಬರುವವರೆಗೆ ಬ್ಯಾಂಕಿನಲ್ಲಿ ಮುದ್ದತಿನ ಠೇವಣಿಯಾಗಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಮಾರ್ಗಸೂಚಿ ನೀಡಿದೆ. ಚಿಕಿತ್ಸೆಗಾಗಲಿ ಓದಿಗಾಗಲಿ ನಡುವೆ ಹಣ ಬೇಕಾದರೆ ನ್ಯಾಯಾಧಿಕರಣದ ಅನುಮತಿ ಕೇಳಿ ಪಡೆಯಬಹುದು. ಅದಕ್ಕೆ ಒಂದು ಸರಳ ಅರ್ಜಿಯೂ ಆಸ್ಪತ್ರೆಯ ಅಥವಾ ಶಾಲೆಯ ಅಂದಾಜುಪಟ್ಟಿಯೂ ಸಾಕಾಗುತ್ತದೆ.

ತಾವು ಕೇಳಬೇಕೆಂದಿರುವ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.